ಬರಹದ ಉಪಕರಣ ಮತ್ತು ಬರಹದ ಬಾಳಿಕೆ: ವೈನ್ ತಂತ್ರಾಂಶದ ಹಿನ್ನೆಲೆಯಲ್ಲಿ ಕನ್ನಡ ಪಠ್ಯ

ಬರಹದ ತಂತ್ರಾಂಶವು ತಾನು ಹುಟ್ಟಿದ ಕಾರ್ಯಾಚರಣ ವ್ಯವಸ್ಥೆಗೆ ಕಟ್ಟುಬಿದ್ದಿರುವುದು ಗಣಕಯಂತ್ರದ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿ. ವಿಂಡೋಸ್‌ಗಾಗಿ ರಚಿತವಾದ ಪಠ್ಯ ಸಂಪಾದಕವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಇದಕ್ಕೆ ಯಂತ್ರದ ಭೇದ ಕಾರಣವಲ್ಲ. ಒಂದೇ ಯಂತ್ರದ ಮೇಲೆ ಎರಡೂ ವ್ಯವಸ್ಥೆಗಳನ್ನು ಸ್ಥಾಪಿಸಬಹುದು. ಕಡತವನ್ನು ತೆರೆಯಲು, ಪರದೆಯ ಮೇಲೆ ಅಕ್ಷರ ಮೂಡಿಸಲು ತಂತ್ರಾಂಶವು ವ್ಯವಸ್ಥೆಗೆ ಸಲ್ಲಿಸುವ ಕೋರಿಕೆಗಳ ಸ್ವರೂಪ ಬೇರೆಯಾಗಿರುವುದೇ ಕಾರಣ.

ಈ ಅಂತರವನ್ನು ದಾಟುವ ಉದ್ದೇಶದಿಂದ 1993ರಲ್ಲಿ ವೈನ್ ಯೋಜನೆ ಆರಂಭವಾಯಿತು. ಬಾಬ್ ಆಮ್‌ಸ್ಟಾಟ್ ಮೊದಲಿಗೆ ಇದರ ಹೊಣೆ ಹೊತ್ತಿದ್ದರು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಮುನ್ನಡೆಸುತ್ತ ಬಂದಿದ್ದಾರೆ. ಇದನ್ನು ಅನುಕರಣ ತಂತ್ರಾಂಶವೆಂದು ಕರೆಯುವ ರೂಢಿಯಿದ್ದರೂ ‘ವೈನ್ ಅನುಕರಣವಲ್ಲ’ ಎಂಬ ಅರ್ಥವನ್ನು ಅದರ ಹೆಸರಿಗೇ ಹೇಳಲಾಗಿದೆ. ಅದು ಸಂಸ್ಕಾರಕವನ್ನು ಅನುಕರಿಸುವುದಿಲ್ಲ. ವಿಂಡೋಸ್‌ನ ಕೋರಿಕೆಗಳನ್ನು ಆತಿಥೇಯ ವ್ಯವಸ್ಥೆಯ ಕೋರಿಕೆಗಳಾಗಿ ಮಾರ್ಪಡಿಸುತ್ತದೆ. ಹದಿನೈದು ವರ್ಷಗಳ ಪರಿಶ್ರಮದ ತರುವಾಯ, 2008ರ ಜೂನ್ 17ರಂದು, ಇದರ 1.0 ಆವೃತ್ತಿ ಹೊರಬಂದಿತು.

ಡಾನ್ ಹೋ ಅವರು 2003ರಲ್ಲಿ ಹೊರತಂದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದಕ್ಕೆ ಉತ್ತಮ ನಿದರ್ಶನ. ಅದರ ಆಕರ ಸಂಕೇತ ಮುಕ್ತವಾಗಿದ್ದರೂ ರಚನೆ ವಿಂಡೋಸ್‌ನ ಕೋರಿಕೆಗಳನ್ನೇ ಅವಲಂಬಿಸಿದೆ. ಆದುದರಿಂದ ಲಿನಕ್ಸ್ ಬಳಕೆದಾರರು ಅದನ್ನು ವೈನ್ ಮೂಲಕ ನಡೆಸುವ ಪದ್ಧತಿ ಬೆಳೆಯಿತು. ತಂತ್ರಾಂಶದ ಹಕ್ಕು ಮುಕ್ತವಾಗಿದ್ದ ಮಾತ್ರಕ್ಕೆ ಅದು ಎಲ್ಲ ವ್ಯವಸ್ಥೆಗಳಲ್ಲಿಯೂ ನಡೆಯುತ್ತದೆಂದು ಭಾವಿಸಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡದ ಮಟ್ಟಿಗೆ ಈ ಪ್ರಶ್ನೆಗೆ ಮತ್ತೊಂದು ಆಯಾಮವಿದೆ. ಕನ್ನಡದಲ್ಲಿ ಒತ್ತಕ್ಷರ ಹಾಗೂ ಗುಣಿತಾಕ್ಷರಗಳು ಪರದೆಯ ಮೇಲೆ ಜೋಡಣೆಗೊಳ್ಳಬೇಕು. ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್ ಎಂಬ ಘಟಕ ಈ ಕಾರ್ಯ ನಿರ್ವಹಿಸುತ್ತಿತ್ತು. ವೈನ್ ಅದಕ್ಕೆ ಸಮಾನವಾದ ಘಟಕವನ್ನು ಪ್ರತ್ಯೇಕವಾಗಿ ರಚಿಸಿಕೊಳ್ಳಬೇಕಾಯಿತು. ಇದಕ್ಕಿಂತ ಗಂಭೀರವಾದದ್ದು ಹಳೆಯ ಕಡತಗಳ ಸಮಸ್ಯೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಆರಂಭಿಕ ಆವೃತ್ತಿಗಳು ವಿಂಡೋಸ್‌ಗಾಗಿ ರೂಪುಗೊಂಡಿದ್ದು, ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಇರಿಸಿದ್ದವು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವನ್ನು ತೆರೆದರೆ ರೋಮನ್ ‘ಪಿ’ಯೂ ಪೌಂಡ್ ನಾಣ್ಯದ ಚಿಹ್ನೆಯೂ ಕಾಣಿಸುತ್ತವೆ. ವೈನ್ ಮೂಲಕ ಸಂಪಾದಕವನ್ನು ನಡೆಸಿದರೂ ಆ ಸಂಕೇತ ತಾನಾಗಿ ಕನ್ನಡವಾಗದು. ಅಕ್ಷರವಿನ್ಯಾಸವನ್ನು ಒದಗಿಸಬೇಕು ಅಥವಾ ಪಠ್ಯವನ್ನೇ ಪರಿವರ್ತಿಸಬೇಕು.

ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರೆತಿತ್ತು. ಅಲ್ಲಿ ಸಂಕೇತವು ಅಕ್ಷರದ ಆಕಾರಕ್ಕಲ್ಲ, ಅಕ್ಷರಕ್ಕೇ ಸಲ್ಲುತ್ತದೆ. ಹೀಗಾಗಿ ಯೂನಿಕೋಡ್ ಪಠ್ಯವು ಯಾವುದೇ ಒಂದು ಸಂಪಾದಕದ ಅಥವಾ ವ್ಯವಸ್ಥೆಯ ಅಧೀನದಲ್ಲಿರುವುದಿಲ್ಲ.

ವೈನ್‌ನಂತಹ ಯೋಜನೆಗಳು ಬರಹದ ಉಪಕರಣಕ್ಕೆ ಹೊಸ ನೆಲೆಯನ್ನು ಒದಗಿಸಿದವು. ಆದರೆ ಬರಹದ ಬಾಳಿಕೆ ಉಪಕರಣದಿಂದಲ್ಲ, ಅಕ್ಷರ ಸಂಕೇತದಿಂದ ನಿರ್ಧಾರವಾಗುತ್ತದೆ. ಹಳೆಯ ಸಂಕೇತಗಳಲ್ಲಿ ಉಳಿದಿರುವ ಕನ್ನಡ ಕಡತಗಳನ್ನು, ಅವುಗಳನ್ನು ಓದಬಲ್ಲ ಅಕ್ಷರವಿನ್ಯಾಸಗಳು ಲಭ್ಯವಿರುವಾಗಲೇ, ಯೂನಿಕೋಡ್‌ಗೆ ಪರಿವರ್ತಿಸಿ ಮೂಲದೊಡನೆ ತಾಳೆ ನೋಡುವುದು ಗ್ರಂಥಾಲಯಗಳ ಮುಂದಿರುವ ಕರ್ತವ್ಯವಾಗಿದೆ.