ಸಾಕುಮೊಲದ ನಡವಳಿಕೆ ಮತ್ತು ಸಂಜ್ಞೆಗಳು: ಸಾಕುವವರ ಗಮನಕ್ಕೆ

1. ಪೀಠಿಕೆ

ಸಾಕುಮೊಲವು ನಾಯಿಯಂತೆ ಬೊಗಳುವುದಿಲ್ಲ. ಹಸಿವಾದಾಗ ದನಕರುಗಳಂತೆ ಕೂಗುವುದೂ ಇಲ್ಲ. ಈ ಕಾರಣದಿಂದ ಅದು ಏನನ್ನೂ ತಿಳಿಸದ ಪ್ರಾಣಿ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಸ್ತವದಲ್ಲಿ ಮೊಲವು ಕಿವಿ, ಮೂಗು, ಹಲ್ಲು, ಹಿಂಗಾಲು ಹಾಗೂ ಮೈಯ ಭಂಗಿಯ ಮೂಲಕ ತನ್ನ ಸ್ಥಿತಿಯನ್ನು ದಿನವಿಡೀ ತಿಳಿಸುತ್ತಿರುತ್ತದೆ. ಈ ಸಂಜ್ಞೆಗಳನ್ನು ಅರಿಯದಿದ್ದಲ್ಲಿ ರೋಗಪೀಡಿತ ಮೊಲವನ್ನು ಆಸ್ಪತ್ರೆಗೆ ತರುವುದು ತಡವಾಗುತ್ತದೆ ಮತ್ತು ಚಿಕಿತ್ಸೆ ಫಲಕಾರಿಯಾಗುವ ಅವಧಿ ಕಳೆದುಹೋಗುತ್ತದೆ.

ಸಿದ್ದಾಪುರ, ಕಾರಟಗಿ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳಲ್ಲಿ ಮೊಲ ಸಾಕುವ ಕುಟುಂಬಗಳ ಉಪಯೋಗಕ್ಕಾಗಿ, ಇಲ್ಲಿನ ಹವಾಮಾನವನ್ನೂ ಗಮನದಲ್ಲಿಟ್ಟುಕೊಂಡು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಸಾಕುಮೊಲ ಮತ್ತು ಕಾಡುಮೊಲ

ಮನೆಯಲ್ಲಿ ಸಾಕುವ ಮೊಲವು ಯುರೋಪಿನ ಬಿಲವಾಸಿ ಮೊಲದ ಸಂತತಿಗೆ ಸೇರಿದ್ದು. ಭಾರತದಲ್ಲಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್ ಮುಂತಾದ ತಳಿಗಳು ಬಳಕೆಯಲ್ಲಿವೆ. ಇವು ಗುಂಪಿನಲ್ಲಿ ಬಾಳುವ ಹಾಗೂ ನೆಲ ತೋಡುವ ಸ್ವಭಾವದವು. ಇವುಗಳ ಮರಿಗಳು ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ. ಮೈಮೇಲೆ ಕೂದಲು ಇರುವುದಿಲ್ಲ.

ಈ ಭಾಗದ ಹೊಲಗದ್ದೆ ಹಾಗೂ ಕುರುಚಲು ಗುಡ್ಡಗಳಲ್ಲಿ ಕಾಣುವ ಕಾಡುಮೊಲವು ಬೇರೆ ಜಾತಿಯ ಪ್ರಾಣಿ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲಿನೊಂದಿಗೆ ಜನಿಸುತ್ತವೆ. ವಿಜಯನಗರದ ಸ್ಥಾಪನೆಗೆ ಸಂಬಂಧಿಸಿದ ಐತಿಹ್ಯದಲ್ಲಿ ಬೇಟೆನಾಯಿಗಳನ್ನೇ ತಿರುಗಿ ಎದುರಿಸಿದ ಮೊಲದ ಪ್ರಸ್ತಾಪವಿದೆ. ಆನೆಗೊಂದಿ ಸುತ್ತಮುತ್ತ ಈ ಕಥೆ ಎಲ್ಲರಿಗೂ ಪರಿಚಿತ. ಐತಿಹ್ಯದ ಮಾತು ಹೇಗೇ ಇರಲಿ, ಓಡಿಹೋಗಲು ದಾರಿ ಇಲ್ಲದಾಗ ಸಾಕುಮೊಲವೂ ತಿರುಗಿ ಬೀಳುತ್ತದೆ ಎಂಬುದನ್ನು ಮನೆಯವರು ತಿಳಿದಿರಬೇಕು.

3. ನಡವಳಿಕೆಯ ಮೂಲ

ಮೊಲವು ಹದ್ದು, ನರಿ, ನಾಯಿ ಮೊದಲಾದವುಗಳಿಗೆ ಆಹಾರವಾಗುವ ಪ್ರಾಣಿ. ಅದರ ನಡವಳಿಕೆಯ ಬಹುಭಾಗ ಈ ಒಂದು ಸಂಗತಿಯಿಂದ ಅರ್ಥವಾಗುತ್ತದೆ.

ಅ) ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಅದು ಹಿಂದಿನದನ್ನೂ ಮೇಲಿನದನ್ನೂ ಕಾಣಬಲ್ಲದು. ಆದರೆ ಮೂಗಿನ ನೇರ ಮುಂದಿರುವುದು ಕಾಣದು. ಆದ್ದರಿಂದ ಮೂಗಿನ ಮುಂದೆ ಹಠಾತ್ತನೆ ಕೈ ಚಾಚಿದರೆ ಬೆದರುತ್ತದೆ.

ಆ) ಮೇಲಿನಿಂದ ಬಾಗಿ ಎತ್ತುವ ಮನುಷ್ಯನ ಕೈ ಅದಕ್ಕೆ ಹದ್ದಿನ ಎರಗುವಿಕೆಯಂತೆ ತೋರುತ್ತದೆ.

ಇ) ಮುಂಜಾನೆ ಮತ್ತು ಸಂಜೆ ಅದು ಚುರುಕಾಗಿರುತ್ತದೆ. ನಡುಹಗಲಿನಲ್ಲಿ ಮಲಗಿರುವುದು ಸಹಜ.

ಈ) ದುರ್ಬಲ ಪ್ರಾಣಿ ಬೇಟೆಗಾರನ ಕಣ್ಣಿಗೆ ಬೇಗ ಬೀಳುತ್ತದೆ. ಆದ್ದರಿಂದ ಮೊಲವು ನೋವನ್ನು ಮರೆಮಾಚುತ್ತದೆ. ಸಾಕುವವರು ಎಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿಡಬೇಕಾದ ಅಂಶ ಇದು.

4. ಸಾಮಾನ್ಯ ಸಂಜ್ಞೆಗಳು ಮತ್ತು ಅವುಗಳ ಅರ್ಥ

4.1 ಸಂತೋಷ ಮತ್ತು ನೆಮ್ಮದಿ
- ಗಾಳಿಯಲ್ಲಿ ಜಿಗಿದು ಮೈ ತಿರುಚುವುದು, ಹಿಂಗಾಲು ಝಾಡಿಸಿ ಓಡುವುದು: ಅತಿಯಾದ ಸಂತೋಷ. ಮರಿಗಳಲ್ಲಿ ಹೆಚ್ಚು ಕಾಣುತ್ತದೆ.
- ಒಮ್ಮೆಲೇ ಪಕ್ಕಕ್ಕೆ ಉರುಳಿ ಮಲಗುವುದು: ಸ್ಥಳ ಸುರಕ್ಷಿತ ಎಂಬ ನಂಬಿಕೆ. ಹೊಸದಾಗಿ ಸಾಕುವವರು ಪ್ರಾಣ ಹೋಯಿತೆಂದು ಗಾಬರಿಯಾಗುವುದುಂಟು.
- ತಲೆ ನೇವರಿಸುವಾಗ ಹಲ್ಲುಗಳನ್ನು ಮೆಲ್ಲಗೆ ಉಜ್ಜುವುದು: ಹಿತವಾಗಿದೆ ಎಂಬ ಸೂಚನೆ.

4.2 ಸ್ನೇಹ ಮತ್ತು ಬೇಡಿಕೆ
- ಕೈ ನೆಕ್ಕುವುದು: ಮೊಲಗಳು ಪರಸ್ಪರ ಮೈ ಶುಚಿ ಮಾಡಿಕೊಳ್ಳುವ ಕ್ರಮ. ಮನೆಯವರನ್ನು ತನ್ನ ಗುಂಪಿಗೆ ಸೇರಿಸಿಕೊಂಡಿದೆ ಎಂದು ತಿಳಿಯಬಹುದು.
- ತಲೆ ತಗ್ಗಿಸಿ ಕೈಯಡಿ ತೂರುವುದು: ನೇವರಿಸಬೇಕೆಂಬ ಕೋರಿಕೆ.
- ಮೂಗಿನಿಂದ ಕಾಲನ್ನು ತಳ್ಳುವುದು: ಗಮನ ಕೊಡಿ ಅಥವಾ ದಾರಿ ಬಿಡಿ ಎಂಬ ಸೂಚನೆ.
- ಗದ್ದವನ್ನು ಬಾಗಿಲು, ಮಂಚದ ಕಾಲು, ಬುಟ್ಟಿಗಳಿಗೆ ಉಜ್ಜುವುದು: ಗದ್ದದ ಕೆಳಗಿನ ಗ್ರಂಥಿಗಳ ವಾಸನೆಯನ್ನು ಹಚ್ಚಿ ತನ್ನದೆಂದು ಗುರುತು ಮಾಡುವುದು. ಈ ವಾಸನೆ ಮನುಷ್ಯರಿಗೆ ತಿಳಿಯದು.
- ಕಾಲಿನ ಸುತ್ತ ಸುತ್ತುವುದು: ಪ್ರಾಯಕ್ಕೆ ಬಂದ ಮೊಲದಲ್ಲಿ ಕೂಡುವ ಬಯಕೆಯ ಲಕ್ಷಣ, ಕೆಲವೊಮ್ಮೆ ಆಹಾರದ ನಿರೀಕ್ಷೆ.

4.3 ಭಯ ಮತ್ತು ಕೋಪ
- ಹಿಂಗಾಲಿನಿಂದ ನೆಲವನ್ನು ಬಲವಾಗಿ ಬಡಿಯುವುದು: ಅಪಾಯದ ಎಚ್ಚರಿಕೆ. ಬೀದಿನಾಯಿ, ಬೆಕ್ಕು ಅಥವಾ ಹಾವು ಸಮೀಪದಲ್ಲಿದೆಯೇ ಎಂದು ಕೂಡಲೇ ಪರಿಶೀಲಿಸಬೇಕು. ಪಟಾಕಿ ಸದ್ದಿಗೂ ಹೀಗೆಯೇ ಮಾಡುತ್ತದೆ.
- ಮೈಯನ್ನು ನೆಲಕ್ಕೆ ಒತ್ತಿ, ಕಣ್ಣು ಅಗಲಿಸಿ ಕದಲದೆ ಕೂರುವುದು: ತೀವ್ರ ಭಯ.
- ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲ ಎತ್ತಿ, ಗುರುಗುಟ್ಟುತ್ತಾ ಮುಂದೆ ನುಗ್ಗುವುದು: ಕೋಪ. ಗೂಡಿನೊಳಗೆ ಕೈ ಹಾಕಿದಾಗ ಹೆಣ್ಣು ಮೊಲಗಳಲ್ಲಿ ಹೆಚ್ಚಾಗಿ ಕಾಣುತ್ತದೆ.
- ಕಿರುಚುವುದು: ಪ್ರಾಣಭಯ ಅಥವಾ ಅತಿಯಾದ ನೋವು. ಇದು ಅಪರೂಪ, ಕೇಳಿಬಂದರೆ ಅದೇ ಕ್ಷಣ ಗಮನಿಸಬೇಕು.

4.4 ಒಂದೇ ಸಂಜ್ಞೆ, ಎರಡು ಅರ್ಥ
ಕೆಲವು ಸಂಜ್ಞೆಗಳನ್ನು ಸಂದರ್ಭ ನೋಡಿಯೇ ತಿಳಿಯಬೇಕಾಗುತ್ತದೆ. ನೇವರಿಸುವಾಗ ಹಲ್ಲು ಮೆಲ್ಲಗೆ ಸದ್ದು ಮಾಡಿದರೆ ಸಂತೋಷ. ಮೂಲೆಯಲ್ಲಿ ಬೆನ್ನು ಬಾಗಿಸಿ, ಕಣ್ಣು ಅರ್ಧ ಮುಚ್ಚಿ, ಹಲ್ಲು ಗಟ್ಟಿಯಾಗಿ ಕಡಿದರೆ ನೋವು. ತಂಪು ಸಂಜೆಯಲ್ಲಿ ಕಾಲು ಚಾಚಿ ಮಲಗಿದರೆ ವಿಶ್ರಾಂತಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಏದುಸಿರಿನೊಂದಿಗೆ ಹಾಗೆಯೇ ಬಿದ್ದಿದ್ದರೆ ಬಿಸಿಲಾಘಾತ.

5. ತಪ್ಪಾಗಿ ಅರ್ಥೈಸಲಾಗುವ ನಡವಳಿಕೆಗಳು

5.1 ಬೆನ್ನ ಮೇಲೆ ಮಲಗಿಸಿದಾಗ ಸುಮ್ಮನಿರುವುದು: ಇದು ನಿದ್ರೆ ಎಂದು ಭಾವಿಸಿ ಮಕ್ಕಳು ಆಟವಾಡುವುದುಂಟು. ಬೇಟೆಗಾರನ ಬಾಯಿಗೆ ಸಿಕ್ಕಾಗ ಸತ್ತಂತೆ ಬೀಳುವ ಭಯದ ಸ್ಥಿತಿ ಇದಾಗಿದ್ದು, ಹೀಗೆ ಮಾಡಬಾರದು.

5.2 ಹಿಕ್ಕೆ ತಿನ್ನುವುದು: ಮೊಲವು ಗಟ್ಟಿ ಹಿಕ್ಕೆಯ ಜೊತೆಗೆ ಮೆತ್ತನೆಯ ಹಿಕ್ಕೆಯನ್ನೂ ಹಾಕಿ, ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಇದರಿಂದ ಜೀವಸತ್ವಗಳು ಮತ್ತು ಸಸಾರಜನಕ ದೊರೆಯುತ್ತವೆ. ಇದನ್ನು ತಡೆಯಬಾರದು.

5.3 ತಾಯಿ ಮರಿಗಳ ಬಳಿ ಇರದಿರುವುದು: ತಾಯಿ ಮೊಲವು ದಿನಕ್ಕೆ ಒಂದೆರಡು ಬಾರಿ ಮಾತ್ರ, ಕೆಲವೇ ನಿಮಿಷ ಹಾಲುಣಿಸುತ್ತದೆ. ಉಳಿದ ಸಮಯ ದೂರವಿರುವುದು ಗೂಡನ್ನು ವೈರಿಗಳಿಂದ ಮರೆಮಾಚುವ ಕ್ರಮ. ಮರಿಗಳ ಹೊಟ್ಟೆ ತುಂಬಿದ್ದು ಮೈ ಬೆಚ್ಚಗಿದ್ದರೆ ತಾಯಿ ಹಾಲುಣಿಸುತ್ತಿದೆ ಎಂದೇ ಅರ್ಥ. ತಾಯಿ ಬಿಟ್ಟುಹೋಗಿದೆ ಎಂದು ಹಸುವಿನ ಹಾಲು ಕುಡಿಸಬಾರದು.

5.4 ಎದೆಯ ಕೂದಲು ಕಿತ್ತುಕೊಳ್ಳುವುದು: ಹೆಣ್ಣು ಮೊಲವು ಹೆರಿಗೆಗೆ ಮುನ್ನ ಗೂಡು ಹಾಸಲು ಹೀಗೆ ಮಾಡುತ್ತದೆ. ಗರ್ಭಾವಧಿ ಸುಮಾರು 31 ದಿನಗಳು. ಗರ್ಭವಿಲ್ಲದಿದ್ದರೂ ಕೆಲವೊಮ್ಮೆ ಈ ಲಕ್ಷಣ ಕಾಣುತ್ತದೆ.

5.5 ಕೆಂಪು ಛಾಯೆಯ ಮೂತ್ರ: ತಿಂದ ಸೊಪ್ಪಿನ ಬಣ್ಣದಿಂದಲೂ ಹೀಗಾಗಬಹುದು. ಆದರೆ ಮೂತ್ರಕ್ಕೆ ತಿಣುಕುತ್ತಿದ್ದರೆ ಅಥವಾ ರಕ್ತದ ಎಳೆ ಕಂಡರೆ ವೈದ್ಯರಿಗೆ ತೋರಿಸಬೇಕು.

6. ತಡಮಾಡಬಾರದ ಲಕ್ಷಣಗಳು

ಈ ಕೆಳಕಂಡ ಯಾವುದೇ ಲಕ್ಷಣ ಕಂಡಲ್ಲಿ ಅದೇ ದಿನ ಪಶುವೈದ್ಯರನ್ನು ಕಾಣತಕ್ಕದ್ದು.
- ಸುಮಾರು 12 ಗಂಟೆಗಳ ಕಾಲ ಮೇವು ಮುಟ್ಟದಿರುವುದು ಅಥವಾ ಹಿಕ್ಕೆ ಹಾಕದಿರುವುದು. ಮೊಲದ ಕರುಳು ಸದಾ ಚಲಿಸುತ್ತಿರಬೇಕು, ನಿಂತರೆ ಪ್ರಾಣಾಪಾಯ. "ನಾಳೆ ನೋಡೋಣ" ಎಂದು ಕಾಯಬಾರದು.
- ಬಾಯಿ ತೆರೆದು ಉಸಿರಾಡುವುದು, ಜೊಲ್ಲು ಸುರಿಯುವುದು.
- ತಲೆ ಒಂದು ಕಡೆಗೆ ವಾಲುವುದು, ತೂರಾಡುವುದು.
- ಕಿವಿಯನ್ನು ಪದೇ ಪದೇ ಕೆರೆಯುವುದು, ತಲೆ ಕೊಡವುವುದು, ಕಿವಿಯೊಳಗೆ ಹಕ್ಕಳೆ ಕಟ್ಟುವುದು. ಇದು ಕಜ್ಜಿ ರೋಗದ ಲಕ್ಷಣ. ಕೆಲವು ಬಗೆಯ ಕಜ್ಜಿ ಮನುಷ್ಯರಿಗೂ ತಗಲುವುದರಿಂದ ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಬೇಕು.
- ತಿನ್ನಲು ಬಂದು, ಬಾಯಿ ಹಾಕಿ, ಬಿಟ್ಟುಹೋಗುವುದು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ; ನಾರಿನ ಮೇವು ಕಡಿಮೆಯಾದರೆ ಅದು ಸವೆಯದೆ ಕೆನ್ನೆ, ನಾಲಿಗೆಗಳಿಗೆ ಚುಚ್ಚುತ್ತದೆ.

7. ಬೇಸಿಗೆಯಲ್ಲಿ ವಿಶೇಷ ಎಚ್ಚರಿಕೆ

ಮೊಲವು ಬೆವರಿನಿಂದ ಮೈ ತಂಪು ಮಾಡಿಕೊಳ್ಳಲಾರದು; ಮುಖ್ಯವಾಗಿ ಕಿವಿಗಳ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆ ಅದಕ್ಕೆ ಕಷ್ಟಕರ. ಈ ಜಿಲ್ಲೆಯ ಬೇಸಿಗೆಯ ಉಷ್ಣತೆ 40 ಡಿಗ್ರಿ ಸಮೀಪಿಸುವುದರಿಂದ ತಗಡಿನ ಶೆಡ್ ಅಥವಾ ಮಾಳಿಗೆಯ ಮೇಲೆ ಮೊಲದ ಗೂಡು ಇಡುವುದು ಅಪಾಯಕರ.

ಗೂಡನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಇಟ್ಟು, ಪಕ್ಕದಲ್ಲಿ ಒದ್ದೆ ಗೋಣಿಚೀಲ ಇಳಿಬಿಡಬೇಕು. ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಇಡಬಹುದು. ಬಿಸಿಲಾಘಾತವಾದಲ್ಲಿ ಒದ್ದೆ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತಾ ಆಸ್ಪತ್ರೆಗೆ ಒಯ್ಯಬೇಕು. ತಣ್ಣೀರಿನಲ್ಲಿ ಮುಳುಗಿಸಬಾರದು, ಆಘಾತದಿಂದಲೇ ಮೊಲ ಸಾಯಬಹುದು.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಪ್ರದೇಶದಲ್ಲಿ ಬದುವಿನ ಹುಲ್ಲನ್ನು ತಂದು ಹಾಕುವವರು, ಆ ಗದ್ದೆಗೆ ಔಷಧ ಸಿಂಪಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೇವಿನ ಬಹುಭಾಗ ಹುಲ್ಲಾಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ಸಿಹಿತಿಂಡಿ ಕೊಡಬಾರದು.

8. ಎತ್ತುವ ಮತ್ತು ಪಳಗಿಸುವ ಕ್ರಮ

ಕಿವಿ ಹಿಡಿದು ಎತ್ತುವುದು ತಪ್ಪು ಹಾಗೂ ಹಿಂಸೆ. ಒಂದು ಕೈಯನ್ನು ಎದೆಯಡಿ, ಇನ್ನೊಂದನ್ನು ಹಿಂಭಾಗದಡಿ ಇಟ್ಟು, ಮೈಗೆ ಒತ್ತಿ ಹಿಡಿಯಬೇಕು. ಹಿಂಗಾಲಿಗೆ ಆಧಾರವಿಲ್ಲದಿದ್ದರೆ ಅದು ಒದೆಯುವ ರಭಸಕ್ಕೆ ಅದರ ಬೆನ್ನೆಲುಬೇ ಮುರಿಯಬಹುದು. ಪಳಗಿಸಲು ನೆಲದ ಮೇಲೆ ಕುಳಿತು, ಅದು ತಾನಾಗಿ ಬರುವವರೆಗೆ ಕಾಯುವುದು ಉತ್ತಮ. ನೇವರಿಸುವುದನ್ನು ಹಣೆಯಿಂದ ಪ್ರಾರಂಭಿಸಬೇಕು. ಚಿಕ್ಕ ಮಕ್ಕಳು ಹಿರಿಯರ ಸಮ್ಮುಖದಲ್ಲಿ ಮಾತ್ರ ಮೊಲವನ್ನು ಮುಟ್ಟತಕ್ಕದ್ದು.

9. ಆಸ್ಪತ್ರೆಗೆ ಕರೆತರುವಾಗ

ಗಾಳಿಯಾಡುವ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ತರಬೇಕು. ನಾಯಿಗಳಿಂದ ದೂರ ಕುಳಿತುಕೊಳ್ಳಬೇಕು. ವೈದ್ಯರಿಗೆ ಈ ವಿವರಗಳನ್ನು ಒದಗಿಸಬೇಕು:
- ಕೊನೆಯ ಬಾರಿ ಮೇವು ತಿಂದ ಮತ್ತು ಹಿಕ್ಕೆ ಹಾಕಿದ ಸಮಯ
- ನೀಡುತ್ತಿರುವ ಮೇವು, ಇತ್ತೀಚಿನ ಬದಲಾವಣೆ
- ನಡವಳಿಕೆಯಲ್ಲಿ ಮೊದಲು ಕಂಡ ವ್ಯತ್ಯಾಸ
- ಈಗಾಗಲೇ ಕೊಟ್ಟ ಔಷಧ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ ಸ್ವಂತ ಊಹೆಗೆ ಅಂಟಿಕೊಂಡು ಮನೆಯಲ್ಲಿರುವ ಮಾತ್ರೆಗಳನ್ನು ನೀಡಬಾರದು. ಅಮಾಕ್ಸಿಸಿಲಿನ್‌ನಂತಹ ಪ್ರತಿಜೀವಕಗಳನ್ನು ಬಾಯಿಯ ಮೂಲಕ ನೀಡಿದರೆ ಮೊಲದ ಕರುಳು ಕೆಟ್ಟು ಸಾವು ಸಂಭವಿಸಬಹುದು. ನಾಯಿಗಳ ಉಣ್ಣೆ ನಿವಾರಣೆಗೆ ಬಳಸುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ.

10. ಕಾನೂನಿನ ಅಂಶಗಳು

ಅ) ಕಾಡುಮೊಲವು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರಡಿ ಸಂರಕ್ಷಿತ ಪ್ರಾಣಿ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಕೊಯ್ಲಿನ ವೇಳೆ ಹೊಲದಲ್ಲಿ ಒಂಟಿ ಮರಿ ಕಂಡರೆ ಅದು ತಬ್ಬಲಿ ಎಂದು ಭಾವಿಸಿ ಮನೆಗೆ ತರಬಾರದು; ತಾಯಿ ಕತ್ತಲಾದ ಮೇಲೆ ಹಾಲುಣಿಸಲು ಬರುತ್ತದೆ. ಗಾಯಗೊಂಡಿದ್ದಲ್ಲಿ ಅರಣ್ಯ ಇಲಾಖೆಗೆ ತಿಳಿಸಬೇಕು.

ಆ) ಪ್ರಾಣಿಗಳಿಗೆ ಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಓಡಾಡಲು ಸಾಲದಷ್ಟು ಇಕ್ಕಟ್ಟಾದ ಪಂಜರದಲ್ಲಿಡುವುದು, ಆಹಾರ, ನೀರು ನೀಡದಿರುವುದು ದಂಡನಾರ್ಹ.

ಇ) 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳಂತೆ ಮೊಲ ಮಾರುವ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಹೊಂದಿರಬೇಕು. ಖರೀದಿಸುವವರು ನೋಂದಣಿ ಪತ್ರವನ್ನು ಕೇಳಿ ನೋಡಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ಮೊಲವನ್ನು ಸಾಕಬಹುದೇ?
ಉತ್ತರ: ಮೊಲವು ಗುಂಪಿನ ಪ್ರಾಣಿ. ಒಂಟಿಯಾಗಿದ್ದರೆ ಮನೆಯವರು ದಿನಕ್ಕೆ ಹೆಚ್ಚು ಹೊತ್ತು ಜೊತೆಗಿರಬೇಕಾಗುತ್ತದೆ. ಗಂಡು-ಹೆಣ್ಣು ಜೊತೆಗಿಟ್ಟರೆ ಮರಿಗಳ ಸಂಖ್ಯೆ ಬೇಗ ಹೆಚ್ಚುತ್ತದೆ. ಹೆರಿಗೆಯಾದ ದಿನವೇ ಹೆಣ್ಣು ಪುನಃ ಗರ್ಭ ಧರಿಸಬಲ್ಲದು. ಲಿಂಗವನ್ನು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

ಪ್ರಶ್ನೆ: ಮೊಲಕ್ಕೆ ಸ್ನಾನ ಮಾಡಿಸಬೇಕೇ?
ಉತ್ತರ: ಬೇಡ. ಅದು ತನ್ನ ಮೈಯನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಶುಚಿ ಮಾಡಿಕೊಳ್ಳುವುದನ್ನು ನಿಲ್ಲಿಸಿದರೆ ಅದು ಅನಾರೋಗ್ಯದ ಸೂಚನೆ.

ಪ್ರಶ್ನೆ: ಮೊಲ ಕಚ್ಚಿದರೆ ಏನು ಮಾಡಬೇಕು?
ಉತ್ತರ: ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಚೆನ್ನಾಗಿ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ಪ್ರಶ್ನೆ: ಮೊಲ ಎಷ್ಟು ವರ್ಷ ಬದುಕುತ್ತದೆ?
ಉತ್ತರ: ಉತ್ತಮ ಪಾಲನೆಯಲ್ಲಿ 8ರಿಂದ 12 ವರ್ಷ. ಮಕ್ಕಳ ಒತ್ತಾಯಕ್ಕೆ ಮೊಲ ತರುವ ಮುನ್ನ ಈ ಅವಧಿಯ ಹೊಣೆಯನ್ನು ಕುಟುಂಬವು ಯೋಚಿಸಬೇಕು. ಸಾಕಲಾಗದ ಮೊಲವನ್ನು ಹೊಲ, ಕಾಡುಗಳಲ್ಲಿ ಬಿಡಬಾರದು. ಅದು ಅಲ್ಲಿ ಬದುಕಲಾರದು.

12. ಸಾರಾಂಶ

ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಐದು ನಿಮಿಷ ಮೊಲವನ್ನು ಸುಮ್ಮನೆ ಗಮನಿಸುವುದು ಅತ್ಯಂತ ಉಪಯುಕ್ತ ಅಭ್ಯಾಸ. ಅದರ ನಿತ್ಯದ ರೀತಿ ತಿಳಿದಿದ್ದವರಿಗೆ ಮಾತ್ರ ವ್ಯತ್ಯಾಸ ಗೋಚರಿಸುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಹತ್ತಿರದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯವನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.