ಕಲ್ಯದ ಬುಸುವಿಸೆಟ್ಟಿಯೂ ಬುಕ್ಕರಾಯನ ಶಾಸನವೂ

ತುಮಕೂರು ಸೀಮೆಯ ಬೆಳ್ಳಾವಿ, ಗುಬ್ಬಿ, ಕುಣಿಗಲ್ ಭಾಗದ ಶ್ರಾವಕರು ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ದರ್ಶನ ಪಡೆದು, ಊರೊಳಗಿನ ಭಂಡಾರಿ ಬಸದಿಗೂ ಬರುವುದುಂಟು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳರಾಜನು 1159ರಲ್ಲಿ ಕಟ್ಟಿಸಿದ ಆ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರಿಗೆ ವಂದಿಸಿ ಹೊರಡುವವರಲ್ಲಿ, ಅಲ್ಲಿನ ಒಂದು ಶಿಲಾಶಾಸನದ ಮುಂದೆ ನಿಲ್ಲುವವರು ವಿರಳ. ಅದರಲ್ಲಿ ಈ ಸೀಮೆಯ ನೆರೆಯ ವರ್ತಕನೊಬ್ಬನ ಹೆಸರಿದೆ.

ಶಕ 1290, ಕೀಲಕ ಸಂವತ್ಸರ, ಎಂದರೆ ಕ್ರಿ.ಶ. 1368. ವಿಜಯನಗರವನ್ನು ಬುಕ್ಕರಾಯನು ಆಳುತ್ತಿದ್ದನು. ಶ್ರೀವೈಷ್ಣವ ಭಕ್ತರಿಗೂ ಜೈನರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಸ್ಥಳಗಳ ಜೈನರು, ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ರಾಯನಲ್ಲಿ ಬಿನ್ನವಿಸಿಕೊಂಡರು. ಈ ಕಲ್ಲೇಹವೇ ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ಕಲ್ಯ.

ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ನೆರೆದಿದ್ದರು. ಆ ಸಭೆಯ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲಗಳೂ ಸೇರಿರುವುದು ಗಮನಾರ್ಹ. ಊರಾಚೆ ಇರಿಸಲ್ಪಟ್ಟವರೂ ಈ ಒಪ್ಪಂದಕ್ಕೆ ಬೇಕಾದರು. ಇಂದು ಧರ್ಮಸಮ್ಮೇಳನಗಳಿಗೆ ಆಹ್ವಾನಪತ್ರಿಕೆ ಅಚ್ಚು ಹಾಕಿಸುವವರಿಗೆ ಆ ಪಟ್ಟಿಯ ನೆನಪಿರುವಂತಿಲ್ಲ.

ಬುಕ್ಕರಾಯನು ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿತ್ತು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪೂರ್ವದ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಜೈನರಿಗೆ ಸಲ್ಲತಕ್ಕವು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮ ದರ್ಶನದ ಹಾನಿವೃದ್ಧಿಯೆಂದೇ ಭಾವಿಸಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸುವ ಹೊಣೆಯೂ ಶ್ರೀವೈಷ್ಣವರದೇ. ಸಹಿಸಿಕೊಂಡಿರಿ ಎಂಬ ಉಪದೇಶಕ್ಕಿಂತ ಇದು ಬಹಳ ಮುಂದಿನ ಮಾತು. ಬಲವುಳ್ಳವರನ್ನೇ ಇಲ್ಲಿ ಜಾಮೀನುದಾರರನ್ನಾಗಿ ಮಾಡಲಾಗಿದೆ. (ಬೆಳ್ಳಾವಿಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ವೈದಿಕ ಮನೆತನದವರು. ಜೈನಕವಿ ಪಂಪನ ಭಾರತವನ್ನು ಶೋಧಿಸಿ ಸಂಪಾದಿಸಿದವರು ಅವರೇ. ಕನ್ನಡ ಸಾಹಿತ್ಯ ಪರಿಷತ್ತು ಅದನ್ನು 1931ರಲ್ಲಿ ಪ್ರಕಟಿಸಿತು. ಅನ್ಯರ ವೃದ್ಧಿಯನ್ನು ತನ್ನದೆಂದು ಬಗೆಯುವುದು ಹೀಗೂ ಉಂಟು.)

ಇನ್ನು ಲೆಕ್ಕದ ಭಾಗ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡತಕ್ಕದ್ದು. ಆ ದ್ರವ್ಯದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ.

ಅನ್ಯಾಯವನ್ನು ಅನುಭವಿಸಿದವರೇ ಕಾವಲಿನ ಖರ್ಚನ್ನೂ ತೆರಬೇಕಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಅಂದು ತಪ್ಪಿತಸ್ಥರಿಗೆ ದಂಡ ವಿಧಿಸಿದ ಮಾತು ಶಾಸನದಲ್ಲಿಲ್ಲ. ನ್ಯಾಯದ ತಕ್ಕಡಿ ಅಷ್ಟು ಸಮನಾಗಿರಲಿಲ್ಲ. ಆದರೂ ಜೈನರ ಹಣ ವೈಷ್ಣವ ಆಚಾರ್ಯನ ಕೈ ಸೇರಿ, ಜಿನಬಿಂಬದ ರಕ್ಷಣೆ ಅವನ ಕರ್ತವ್ಯವಾದುದು ಸಾಮಾನ್ಯ ಸಂಗತಿಯಲ್ಲ. ವರ್ಷ ವರ್ಷವೂ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸಬೇಕಾದಾಗ ಮುಖ ತಿರುಗಿಸಿಕೊಂಡಿರುವುದು ಕಷ್ಟ. ವ್ಯಾಪಾರ ಬಲ್ಲವರಿಗೆ ಇದು ತಿಳಿಯದ್ದೇನಲ್ಲ.

ಶಾಸನದ ಕೊನೆಗೆ ಬರುವವನೇ ಆ ವರ್ತಕ: ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಇವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಇದೇ ಕಟ್ಟಳೆಯ ಪ್ರತಿಯೊಂದು ಕಲ್ಯದಲ್ಲಿಯೂ ದೊರೆತಿದೆ. ಉಭಯ ಸಮಯದವರೂ ಕೂಡಿ ಬುಸುವಿಸೆಟ್ಟಿಗೆ ಸಂಘನಾಯಕ ಪದವಿಯನ್ನಿತ್ತರು.