ಕಂತಿನ ಪಿಟೀಲು

ಶಾಲಾ ಕಲೋತ್ಸವ ಹತ್ತಿರವಾದಾಗ ಕಾಸರಗೋಡಿನ ನಮ್ಮ ಕಡೆ ಒಂದು ಮಾತು ಕೇಳಿಬರುತ್ತದೆ: "ಪಿಟೀಲೆಲ್ಲ ನಮ್ಮಂಥವರಿಗೆ ಹೇಳಿದ್ದಲ್ಲ, ಮಾಷ್ಟ್ರೇ." ಹಾಗೆಂದ ಅಪ್ಪನೊಬ್ಬನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಮೇಡ್‌ಸ್ಟನ್ ಎಂಬ ಊರಿದೆ. 1897ರಲ್ಲಿ ಅಲ್ಲಿನ ಆಲ್ ಸೇಂಟ್ಸ್ ಶಾಲೆಯಲ್ಲಿ ಪಿಟೀಲು ತರಗತಿ ಶುರುವಾಯಿತು. ಪಿಟೀಲೆಂದರೆ ಒಬ್ಬ ಗುರು, ಒಬ್ಬ ಶಿಷ್ಯ, ಕೈ ಕಚ್ಚುವ ಶುಲ್ಕ ಎಂದಿದ್ದ ಕಾಲ. ಇಲ್ಲಿ ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ಕಲಿಸಿದರು, ಶುಲ್ಕ ಹಂಚಿಹೋಯಿತು. ಮರ್ಡಾಕ್ ಎಂಬ ವಾದ್ಯದ ಕಂಪನಿ ಪಿಟೀಲು, ಕಮಾನು, ಪೆಟ್ಟಿಗೆಗಳನ್ನು ಕಂತಿನ ಮೇಲೆ ಒದಗಿಸಿತು. ಕಂಪನಿಗೆ ಅದು ವ್ಯಾಪಾರವೇ ಹೊರತು ದಾನವಲ್ಲ. ಆದರೂ ಬಡವರ ಮನೆಗೆ ವಾದ್ಯ ಬಂದದ್ದು ಆ ದಾರಿಯಿಂದಲೇ. 1909ರ ಹೊತ್ತಿಗೆ ಬ್ರಿಟನ್ನಿನ ಸುಮಾರು 4 ಲಕ್ಷ ಮಕ್ಕಳು ಹೀಗೆ ಕಲಿಯುತ್ತಿದ್ದರು ಎನ್ನುತ್ತಾರೆ. 1910ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಆಲ್ಬರ್ಟ್ ಮಿಚೆಲ್ ಬಂದು ನೋಡಿದರು. ಮರುವರ್ಷ ತಮ್ಮೂರಿನ ಶಾಲೆಗಳಲ್ಲೂ ಅದನ್ನೇ ಆರಂಭಿಸಿದರು. ಅಲ್ಲಿನ ಶಾಲಾ ವಾದ್ಯವೃಂದಗಳಿಗೆ ಇದರಿಂದ ಒಳ್ಳೆಯ ಬಲ ಬಂತು.

ಇದರಲ್ಲಿ ಮನೆಯವರ ಪಾಲೇನು? ಕಂತು ತಪ್ಪಿಸದಿರುವುದು ಒಂದು. ಮೊದಲ ತಿಂಗಳುಗಳ ಕಿರ್ರೆನ್ನುವ ಸದ್ದಿಗೆ "ನಿಲ್ಲಿಸು" ಎನ್ನದಿರುವುದು ಇನ್ನೊಂದು. (ಎರಡನೆಯದೇ ಕಷ್ಟ, ನಮ್ಮ ಮನೆಯಲ್ಲೇ ಕಂಡಿದ್ದೇನೆ!)

ಮೊನ್ನೆ ಆ ಅಪ್ಪ ಸಿಕ್ಕಾಗ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಾಲ್ಕು ಮನೆಯವರು ಸೇರಿ ಒಂದು ತಗೊಂಡರೆ ಆದೀತಾ ಮಾಷ್ಟ್ರೇ?"

ಪಿಟೀಲಿನಲ್ಲೂ ಚಿಕ್ಕದು ದೊಡ್ಡದು ಉಂಟು. ಮಕ್ಕಳ ಕೈಯಳತೆ ಹೆಚ್ಚುಕಮ್ಮಿ ಒಂದೇ ಇದ್ದರೆ ಆದೀತು ಎಂದೆ. ನಾಡಿದ್ದು ಅಳತೆ ನೋಡುವುದೆಂದು ಆಗಿದೆ.